ಕೈ ತಾಗಿತೇ? ತಾಗಿದರೆ ಏನಾಯಿತು?

ಬ್ಯಾಸ್ಕೆಟ್‌ಬಾಲ್ ರೆಫರಿ ಒಂದು ಪಂದ್ಯದಲ್ಲಿ ನೂರಾರು ತೀರ್ಮಾನ ಮಾಡುತ್ತಾನೆ. ಚೆಂಡು ಗೆರೆ ದಾಟಿತೇ, ಡ್ರಿಬಲ್ ಬಿಟ್ಟು ಹೆಜ್ಜೆ ಹಾಕಿದನೇ, ಮೂರು ಸೆಕೆಂಡ್ ಒಳಗೇ ನಿಂತನೇ ಎಂಬಂಥವು. ಇವುಗಳಲ್ಲಿ ಬಹುಪಾಲು ತಪ್ಪಾದರೂ ಪಂದ್ಯ ಮುಂದೆ ಸಾಗುತ್ತದೆ, ಯಾರೂ ಮರುದಿನ ನೆನಪಿಟ್ಟುಕೊಳ್ಳುವುದಿಲ್ಲ. ಚೆಂಡೆಸೆಯುವವನ ಮೇಲಾದ ಫೌಲ್ ಮಾತ್ರ ಹಾಗಲ್ಲ. ಅಲ್ಲಿ ಸೀಟಿ ಊದಿದರೂ ಜಗಳ, ಊದದಿದ್ದರೂ ಜಗಳ.

ಕಾರಣ ಸರಳ ಲೆಕ್ಕದಲ್ಲಿದೆ. ಎನ್‌ಬಿಎ ತಂಡವೊಂದು ಒಮ್ಮೆ ಚೆಂಡು ಕೈಗೆ ಸಿಕ್ಕರೆ ಈಗಿನ ದಿನಗಳಲ್ಲಿ ಸರಾಸರಿ 1.1 ಅಂಕದ ಆಸುಪಾಸಿನಲ್ಲಿ ಗಳಿಸುತ್ತದೆ. ಅಲ್ಲಿನ ಆಟಗಾರರು ಫ್ರೀ ಥ್ರೋ ಹಾಕುವ ಸಫಲತೆ ಶೇ 78ರ ಹತ್ತಿರ. ಹಾಗಾಗಿ ಎರಡು ಫ್ರೀ ಥ್ರೋ ಕೊಟ್ಟರೆ ಒಂದೂವರೆ ಅಂಕ ಕೈಯೆತ್ತಿ ಕೊಟ್ಟಂತೆ. ಮೂರು ಪಾಯಿಂಟ್ ಗೆರೆಯಾಚೆ ಹಾರಿದವನನ್ನು ಮುಟ್ಟಿದರೆ 2.3 ಅಂಕ. ಯಾವ ಕೋಚ್ ಎಷ್ಟೇ ಚೆಂದದ ತಂತ್ರ ಹೆಣೆದರೂ ಒಂದು ಸಲಕ್ಕೆ ಇಷ್ಟು ಹುಟ್ಟುವುದಿಲ್ಲ. ಇದರ ಮೇಲೆ ಡಿಫೆಂಡರ್ ಹೆಸರಿಗೆ ಒಂದು ಫೌಲ್ ಸೇರುತ್ತದೆ. ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಲ್ಲಿ ಐದಾದರೆ, ಎನ್‌ಬಿಎಯಲ್ಲಿ ಆರಾದರೆ ಅವನು ಬೆಂಚಿಗೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಬಿದ್ದ ಸೆಂಟರ್ ಆಮೇಲೆ ಕೈ ಎತ್ತಲೂ ಹೆದರುತ್ತಾನೆ.

ಆಟ ಹುಟ್ಟಿದಾಗ ಇಷ್ಟೆಲ್ಲ ಇರಲಿಲ್ಲ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲಿ ಫ್ರೀ ಥ್ರೋ ಎಂಬುದೇ ಇಲ್ಲ. ಭುಜದಿಂದ ತಳ್ಳುವುದು, ಹಿಡಿಯುವುದು, ಕಾಲು ಕೊಡುವುದು, ಹೊಡೆಯುವುದು ಫೌಲ್. ಒಂದು ತಂಡ ಎದುರಾಳಿಯ ಫೌಲ್ ನಡುವೆ ಬರದಂತೆ ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು. ಶೂಟರ್ ಎಂಬ ಪ್ರತ್ಯೇಕ ಜಾತಿಗೆ ಪ್ರತ್ಯೇಕ ರಕ್ಷಣೆ ಸಿಕ್ಕಿದ್ದು ಆಮೇಲೆ. ಫ್ರೀ ಥ್ರೋ ಬಂದ ಮೇಲೂ ಅಮೆರಿಕದ ಕಾಲೇಜು ಆಟದಲ್ಲಿ ಬಹಳ ಕಾಲ ತಂಡದ ಒಬ್ಬ ನಿಪುಣನೇ ಎಲ್ಲರ ಪರವಾಗಿ ಎಸೆಯಬಹುದಿತ್ತು. 1920ರ ದಶಕದಲ್ಲಿ ಅದು ನಿಂತು, ಪೆಟ್ಟು ತಿಂದವನೇ ಎಸೆಯಬೇಕು ಎಂದಾಯಿತು. ಪೆಟ್ಟನ್ನು ತಾನಾಗಿ ಹುಡುಕಿಕೊಂಡು ಹೋಗುವುದು ಲಾಭದ ಕಸುಬಾದದ್ದಕ್ಕೆ ಬೀಜ ಅಲ್ಲೇ ಬಿತ್ತು ಎನ್ನಬಹುದು.

ಇಂದಿನ ನಿಯಮದ ಬೆನ್ನೆಲುಬು ಸಿಲಿಂಡರ್ ತತ್ವ. ಅಂಕಣದ ಮೇಲೆ ನಿಂತ ಪ್ರತಿಯೊಬ್ಬ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಸಿಲಿಂಡರ್ ಇದೆ ಎಂದು ಫಿಬಾ ನಿಯಮಾವಳಿಯ 33ನೇ ವಿಧಿ ಭಾವಿಸಿಕೊಳ್ಳುತ್ತದೆ. ಅದರ ಮುಂಗಡಿ ಅಂಗೈಗಳು, ಹಿಂಗಡಿ ಪೃಷ್ಠ, ಪಕ್ಕಗಳಲ್ಲಿ ತೋಳು ಮತ್ತು ಕಾಲಿನ ಹೊರಅಂಚು. ಆ ಸಿಲಿಂಡರ್ ನೆಲದಿಂದ ನೇರ ಮೇಲಕ್ಕೂ ಅವನದೇ. ಅದರೊಳಗೆ ನೆಟ್ಟಗೆ ಹಾರಿ, ಕೈಗಳನ್ನು ನೆಟ್ಟಗೆ ಎತ್ತಿ ಹಿಡಿದ ಡಿಫೆಂಡರ್ ಮೇಲೆ ಶೂಟರ್ ಬಂದು ಬಿದ್ದರೆ, ಎಷ್ಟೇ ಸದ್ದಾದರೂ ಡಿಫೆಂಡರ್ ತಪ್ಪಿತಸ್ಥನಲ್ಲ. ಕೈ ಕೊಂಚ ಮುಂದಕ್ಕೆ ಬಾಗಿತೋ, ಅವನು ತನ್ನ ಜಾಗ ಬಿಟ್ಟು ಇನ್ನೊಬ್ಬನ ಜಾಗಕ್ಕೆ ಕಾಲಿಟ್ಟ. ಇಂಡಿಯಾನಾ ಪೇಸರ್ಸ್‌ನ ರಾಯ್ ಹಿಬರ್ಟ್ 2012ರಿಂದ ಎರಡು ವರ್ಷ ಇದೊಂದೇ ವಿದ್ಯೆಯಿಂದ ರಿಂಗ್ ಕೆಳಗಿನ ಜಾಗಕ್ಕೆ ಬೀಗ ಹಾಕಿದ್ದರು. ಏಳು ಅಡಿ ಮೀರಿದ ಆ ದೇಹಕ್ಕೆ ಢಿಕ್ಕಿ ಹೊಡೆದ ಗಾರ್ಡ್‌ಗಳು ನೆಲಕ್ಕೆ ಬಿದ್ದು ರೆಫರಿಯ ಮುಖ ನೋಡುತ್ತಿದ್ದರು. ಸೀಟಿ ಬರುತ್ತಿರಲಿಲ್ಲ.

ಹಾರಿದವನಿಗೂ ಹಕ್ಕಿದೆ. ಹಾರಿದ ಜಾಗಕ್ಕೆ ವಾಪಸ್ ಇಳಿಯುವ ಹಕ್ಕು ಅವನದು. ಹಾರುವ ಗಳಿಗೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಇಳಿಯುವ ಹಕ್ಕೂ ಅವನದು. ಅವನು ಗಾಳಿಯಲ್ಲಿದ್ದಾಗ ಆ ಜಾಗಕ್ಕೆ ಯಾರೂ ನುಗ್ಗುವಂತಿಲ್ಲ. ಇಷ್ಟು ಓದಿದರೆ ಎಲ್ಲ ಸ್ಪಷ್ಟವಾಗಿದೆ ಅನ್ನಿಸುತ್ತದೆ. ಕಷ್ಟ ಇರುವುದು ಇವೆರಡು ಹಕ್ಕುಗಳು ಅರೆಕ್ಷಣದಲ್ಲಿ, ಹತ್ತು ಜನರ ಗುಂಪಿನಲ್ಲಿ ಒಂದಕ್ಕೊಂದು ಎದುರಾಗುವಾಗ.

ಪ್ರೇಕ್ಷಕ ಶಾಟ್ ನೋಡುತ್ತಾನೆ, ಚೆಂಡಿನ ಹಾರಾಟ ನೋಡುತ್ತಾನೆ. ಒಳ್ಳೆಯ ರೆಫರಿ ಅದನ್ನು ನೋಡುವುದೇ ಇಲ್ಲ. ಹೊಸಬರಿಗೆ ಕಲಿಸುವ ಮೊದಲ ಪಾಠವೇ ಡಿಫೆಂಡರ್ ಮೇಲೆ ಕಣ್ಣಿಡು ಎಂಬುದು. ಮೂವರು ರೆಫರಿಗಳಿರುವ ಪಂದ್ಯದಲ್ಲಿ ಒಬ್ಬ ಬೇಸ್‌ಲೈನ್ ಹಿಂದೆ, ಇನ್ನೊಬ್ಬ ಮಧ್ಯಗೆರೆಯ ಕಡೆ, ಮತ್ತೊಬ್ಬ ಎದುರು ಪಕ್ಕದಲ್ಲಿ ಫ್ರೀ ಥ್ರೋ ಗೆರೆಯ ನೇರಕ್ಕೆ ನಿಲ್ಲುತ್ತಾರೆ. ಮೂವರೂ ಹುಡುಕುವುದು ಒಂದೇ ವಸ್ತುವನ್ನು: ಇಬ್ಬರು ಆಟಗಾರರ ನಡುವಿನ ಸಂದು. ಆ ಸಂದು ಪಕ್ಕದಿಂದ ಕಾಣುವ ಕೋನದಲ್ಲಿ ನಿಂತವನಿಗೆ ತೋಳು ತೋಳಿಗೆ ತಾಗಿದ್ದು ಕಾಣುತ್ತದೆ. ಶೂಟರ್ ಬೆನ್ನ ಹಿಂದೆಯೇ ಸಿಕ್ಕಿಬಿದ್ದವನಿಗೆ ಕಾಣುವುದು ಒಂದು ಅಂಗಿಯ ನಂಬರ್ ಮಾತ್ರ. ಅವನು ಸೀಟಿ ಊದಿದರೆ ಅದು ಊಹೆ. ಜಿಲ್ಲಾ ಮಟ್ಟದ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಇಬ್ಬರೇ ರೆಫರಿಗಳು. ಅಲ್ಲಿ ಕೇಳುವ ಬೈಗುಳದಲ್ಲಿ ಅರ್ಧ ರೆಫರಿಯ ಕಣ್ಣಿಗಲ್ಲ, ಅವನು ನಿಂತ ಜಾಗಕ್ಕೆ ಸಲ್ಲಬೇಕಾದದ್ದು. ಎನ್‌ಬಿಎ ಕೂಡ ಮೂರನೆಯವರನ್ನು ಕಾಯಂ ಮಾಡಿಕೊಂಡದ್ದು 1988–89ರಲ್ಲಿ.

ಎರಡನೆಯ ಪಾಠ ತಾಳ್ಮೆ. ಶಾಟ್ ಶುರುವಾಗುವುದನ್ನು, ಬೆಳೆಯುವುದನ್ನು, ಮುಗಿಯುವುದನ್ನು ಮೂರನ್ನೂ ನೋಡಿ ಆಮೇಲೆ ಊದು ಎನ್ನುತ್ತಾರೆ. ಒಂದು ಲೇಅಪ್ ಅನ್ನು ಹತ್ತಿರದಿಂದ ನೋಡಿ. ಗಾರ್ಡ್ ಎಡಗೈಯಿಂದ ಡ್ರಿಬಲ್ ಮಾಡುತ್ತ ಒಳನುಗ್ಗಿದ, ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಪಕ್ಕದ ಡಿಫೆಂಡರ್‌ನ ಸೊಂಟ ಅವನ ಸೊಂಟಕ್ಕೆ ಉಜ್ಜಿತು, ಎರಡು ಹೆಜ್ಜೆ ಆಯಿತು, ಮೇಲೆದ್ದ, ಇನ್ನೊಬ್ಬನ ಕೈ ಮುಂಗೈ ಮೇಲೆ ಬಿತ್ತು, ಚೆಂಡು ಬೋರ್ಡಿಗೆ ತಗುಲಿ ಒಳಗೆ ಹೋಯಿತು. ಸೊಂಟ ಉಜ್ಜಿದಾಗಲೇ ಊದಿದ ರೆಫರಿ ಒಳ್ಳೆಯ ಬ್ಯಾಸ್ಕೆಟ್ ಒಂದನ್ನು ಕೊಂದ. ಚೆಂಡು ಒಳಗೆ ಹೋದದ್ದು ನೋಡಿ ಊದದೇ ಬಿಟ್ಟವನು ಮುಂಗೈ ಮೇಲೆ ಬಿದ್ದ ಪೆಟ್ಟಿಗೆ ಸಿಗಬೇಕಾದ ಒಂದು ಫ್ರೀ ಥ್ರೋ ನುಂಗಿದ. ತಡವಾಗಿ ಬಂದ ಸೀಟಿಯನ್ನು ಗ್ಯಾಲರಿ ಅನುಮಾನದಿಂದ ನೋಡುತ್ತದೆ. ನನ್ನ ಮಟ್ಟಿಗೆ ತಡವಾದ ಸೀಟಿ ಬಹುತೇಕ ಸಲ ಒಳ್ಳೆಯ ಸೀಟಿ.

ಆ ಲೇಅಪ್‌ನಲ್ಲೇ ಇನ್ನೊಂದು ಗಂಟಿದೆ. ಶಾಟ್ ಶುರುವಾದದ್ದು ಎಲ್ಲಿಂದ? ಚೆಂಡು ಕೈಯಲ್ಲಿ ನಿಂತಾಗಿನಿಂದ ಎನ್ನುತ್ತದೆ ಫಿಬಾ. ಎನ್‌ಬಿಎ ಕೂಡ ಈಗ ಚೆಂಡನ್ನು ಕೈಗೆ ತೆಗೆದುಕೊಂಡು ಏಳುವ ಆ ಗಳಿಗೆಯನ್ನೇ ಹಿಡಿದುಕೊಂಡಿದೆ. ಅದಕ್ಕಿಂತ ಮುಂಚೆ ತಾಗಿದರೆ ಸಾಮಾನ್ಯ ಫೌಲ್, ಆಮೇಲೆ ತಾಗಿದರೆ ಶೂಟಿಂಗ್ ಫೌಲ್. ನಡುವೆ ಇರುವುದು ಸೆಕೆಂಡಿನ ಒಂದು ಚೂರು. 1999ರ ಜೂನ್ 5ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಮೂರು ಅಂಕ ಹಿಂದಿದ್ದಾಗ ಲ್ಯಾರಿ ಜಾನ್ಸನ್ ಗೆರೆಯಾಚೆ ಇಂಡಿಯಾನಾದ ಆಂಟೋನಿಯೊ ಡೇವಿಸ್‌ಗೆ ತಾಗಿಕೊಂಡು ಎಸೆದರು. ಸೀಟಿ ಬಂತು, ಚೆಂಡು ಒಳಗೆ ಹೋಯಿತು, ಫ್ರೀ ಥ್ರೋ ಕೂಡ ಹೋಯಿತು, 92–91. ನ್ಯೂಯಾರ್ಕಿನಲ್ಲಿ ಇವತ್ತಿಗೂ ಅದು ನಾಲ್ಕು ಅಂಕದ ಪವಾಡ. ಇಂಡಿಯಾನಾದವರನ್ನು ಕೇಳಿದರೆ, ತಾಗಿದ್ದು ಮೊದಲು, ಎಸೆಯಲು ಎದ್ದದ್ದು ಆಮೇಲೆ, ಬ್ಯಾಸ್ಕೆಟ್ ಲೆಕ್ಕಕ್ಕೇ ಬರಬಾರದಿತ್ತು. ವಿಡಿಯೊ ನೋಡಿದರೆ ಅವರ ವಾದ ತಳ್ಳಿಹಾಕುವಂಥದ್ದಲ್ಲ.

ಕೈ ವಿಚಾರಕ್ಕೆ ಬಂದರೆ ಎನ್‌ಬಿಎಯಲ್ಲಿ ಒಂದು ವಿನಾಯಿತಿ ಇದೆ. ಚೆಂಡಿಗೆ ತಾಗಿರುವ ಕೈಯನ್ನು ಚೆಂಡಿನ ಭಾಗವೆಂದೇ ಪರಿಗಣಿಸುತ್ತಾರೆ. ಚಟ್ ಎಂದು ಸದ್ದು ಬಂದರೂ ಫೌಲ್ ಆಗಲೇಬೇಕೆಂದಿಲ್ಲ. ಟಿವಿ ಮುಂದೆ ಕೂತವರು ಮರೆಯುವುದು ಇದನ್ನೇ.

ಇಷ್ಟೆಲ್ಲದರ ನಡುವೆ ಅಪಾಯದ ಮಾತೆಂದರೆ ಇಳಿಯುವ ಜಾಗದ್ದು. ಪಾದದ ಕೀಲು ತಿರುಚಿಕೊಂಡು ಬಿದ್ದ ಶೂಟರ್‌ಗಳ ಕಥೆ ಹಳೆಯದು. ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಬ್ರೂಸ್ ಬೋವನ್ ಹಾರಿದವನ ಕಾಲಡಿಗೆ ಕಾಲು ತಳ್ಳುತ್ತಾರೆ ಎಂಬ ದೂರು 2000ರ ದಶಕದುದ್ದಕ್ಕೂ ಇತ್ತು. 2017ರ ಮೇ 14ರಂದು ಓಕ್ಲೆಂಡ್‌ನಲ್ಲಿ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಅದೇ ಸ್ಪರ್ಸ್‌ಗೆ ಅದೇ ಪೆಟ್ಟು ತಿರುಗಿ ಬಂತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ತಂಡ 23 ಅಂಕ ಮುಂದಿದ್ದಾಗ ಕವಾಯ್ ಲೆನರ್ಡ್ ಮೂಲೆಯ ಕಡೆ ಹಾರಿ ಎಸೆದರು. ಝಾಝಾ ಪಚೂಲಿಯಾ ಮುಂದೆ ನುಗ್ಗಿ ಬಂದು, ನಿಲ್ಲದೆ ಇನ್ನೊಂದು ಹೆಜ್ಜೆ ಇಟ್ಟರು. ಲೆನರ್ಡ್ ಇಳಿದದ್ದು ಆ ಪಾದದ ಮೇಲೆ. ಅವರು ಫ್ರೀ ಥ್ರೋ ಎಸೆದು ಒಳಗೆ ಹೋದರು, ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ವಾರಿಯರ್ಸ್ 113–111ರಲ್ಲಿ ಗೆದ್ದು ಸರಣಿಯನ್ನೂ ಗುಡಿಸಿಹಾಕಿತು. ಅಂದು ಊದಿದ್ದು ಸಾಮಾನ್ಯ ಶೂಟಿಂಗ್ ಫೌಲ್. ಒಂದು ಋತುವನ್ನೇ ಮುಗಿಸಿದ ಹೆಜ್ಜೆಗೆ ಎರಡು ಫ್ರೀ ಥ್ರೋ ಬೆಲೆ. ಮುಂದಿನ ಋತುವಿನಿಂದ ಲೀಗ್ ಇಂಥ ಅಜಾಗರೂಕ ನುಗ್ಗುವಿಕೆಯನ್ನು ವಿಡಿಯೊ ನೋಡಿ ಫ್ಲೇಗ್ರಂಟ್ ಫೌಲ್‌ಗೆ ಏರಿಸುವ ಅಧಿಕಾರವನ್ನು ರೆಫರಿಗಳಿಗೆ ಕೊಟ್ಟಿತು. ಉದ್ದೇಶವಿತ್ತೇ ಎಂದು ರೆಫರಿ ಮನಸ್ಸಿನೊಳಗೆ ಇಣುಕಬೇಕಿಲ್ಲ, ಜಾಗ ಕೊಟ್ಟನೇ ಇಲ್ಲವೇ ಎಂದು ನೋಡಿದರೆ ಸಾಕು. ಇತ್ತೀಚಿನ ವರ್ಷಗಳ ತಿದ್ದುಪಡಿಗಳಲ್ಲಿ ಇದಕ್ಕಿಂತ ವಿವೇಕದ್ದು ನನಗೆ ಕಾಣಿಸಿಲ್ಲ.

ಆದರೆ ಶೂಟರ್‌ಗೆ ಕೊಟ್ಟ ಪ್ರತಿ ರಕ್ಷಣೆಯನ್ನೂ ಶೂಟರ್ ಆಯುಧ ಮಾಡಿಕೊಂಡಿದ್ದಾನೆ. ಇಳಿಯುವ ಜಾಗ ತನ್ನದು ಎಂದು ಗೊತ್ತಾದ ಮೇಲೆ ಕಾಲನ್ನು ಮುಂದಕ್ಕೆ ಚಾಚಿ ಡಿಫೆಂಡರನ್ನೇ ತನ್ನ ಜಾಗಕ್ಕೆ ಎಳೆದುಕೊಂಡರಾಯಿತು. ರೆಜಿ ಮಿಲ್ಲರ್ 1990ರ ದಶಕದಲ್ಲೇ ಇದರಲ್ಲಿ ಪಳಗಿದ್ದರು. ಕೆವಿನ್ ಡುರಾಂಟ್ ಮೈ ಹತ್ತಿರ ಚಾಚಿದ ಡಿಫೆಂಡರ್‌ನ ತೋಳಿನಡಿಯಿಂದ ಚೆಂಡನ್ನು ಸರ್ರನೆ ಮೇಲಕ್ಕೆ ಎಳೆದು ಫ್ರೀ ಥ್ರೋ ಗೆರೆಗೆ ನಡೆಯುತ್ತಿದ್ದರು. 2011–12ರಿಂದ ಅದನ್ನು ಶಾಟ್ ಎಂದು ಲೆಕ್ಕಿಸುವುದು ನಿಂತಿತು. ಆಮೇಲೆ ಜೇಮ್ಸ್ ಹಾರ್ಡನ್ ಬಂದರು. ಹ್ಯೂಸ್ಟನ್ ರಾಕೆಟ್ಸ್‌ನಲ್ಲಿ 2018–19ರಲ್ಲಿ ಪಂದ್ಯಕ್ಕೆ ಸರಾಸರಿ 36.1 ಅಂಕ, 11 ಫ್ರೀ ಥ್ರೋ ಯತ್ನ. ಮರುವರ್ಷ ಯತ್ನಗಳು 11.8ಕ್ಕೆ ಏರಿದವು. ಚಾಚಿದ ಕೈಯನ್ನು ತನ್ನ ತೋಳಿನಿಂದ ಕೊಂಡಿ ಹಾಕಿ, ಅದೇ ಓಟದಲ್ಲಿ ಚೆಂಡನ್ನು ರಿಂಗ್ ಕಡೆ ಎಸೆಯುವ ಅವರ ಚಾಕಚಕ್ಯತೆ ನೋಡಿ ಸಿಟ್ಟು ಬಂದರೂ ಮೆಚ್ಚದೇ ಇರಲಾಗದು. ನಿಯಮಪುಸ್ತಕವನ್ನು ಅವರಷ್ಟು ಶ್ರದ್ಧೆಯಿಂದ ಓದಿದ ರೆಫರಿಗಳು ಎಷ್ಟು ಜನರೋ! ಟ್ರೇ ಯಂಗ್ ಇನ್ನೊಂದು ದಾರಿ ಹಿಡಿದರು. ಹಿಂದಿನಿಂದ ಬೆನ್ನಟ್ಟಿ ಬರುವ ಡಿಫೆಂಡರ್ ಮುಂದೆ ಥಟ್ಟನೆ ನಿಂತು, ಅವನು ಬೆನ್ನಿಗೆ ಗುದ್ದುವಂತೆ ಮಾಡುವುದು.

2021–22ರ ಋತು ಶುರುವಾಗುವ ಮುನ್ನ ಎನ್‌ಬಿಎ ಇವನ್ನೆಲ್ಲ ಆಟಕ್ಕೆ ಸಹಜವಲ್ಲದ ಚಲನೆಗಳು ಎಂದು ಒಂದೇ ಹೆಸರಿನಡಿ ತಂದಿತು. ಶೂಟರ್ ಅಸಹಜ ಕೋನದಲ್ಲಿ ಡಿಫೆಂಡರ್ ಮೇಲೆ ಎರಗಿದರೆ, ಕಾಲು ಚಾಚಿದರೆ, ತೋಳಿಗೆ ತೋಳು ಕೊಂಡಿ ಹಾಕಿದರೆ, ದಾರಿ ಬಿಟ್ಟು ಪಕ್ಕಕ್ಕೋ ಹಿಂದಕ್ಕೋ ಸರಿದು ತಾಗಿಸಿಕೊಂಡರೆ ಸೀಟಿ ಇಲ್ಲ. ಪೆಟ್ಟು ಜೋರಾಗಿದ್ದರೆ ಫೌಲ್ ಶೂಟರ್ ಮೇಲೇ. ಮೊದಲ ಕೆಲವು ವಾರ ಲೀಗಿನ ಫ್ರೀ ಥ್ರೋಗಳು ಕಣ್ಣಿಗೆ ಕಾಣುವಷ್ಟು ಇಳಿದವು. ಹಾರ್ಡನ್, ಯಂಗ್ ಇಬ್ಬರೂ ಕೈ ಚೆಲ್ಲಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಋತು ಮುಗಿಯುವ ಹೊತ್ತಿಗೆ ಅಂಕಿ ಹಳೆಯ ಮಟ್ಟಕ್ಕೆ ಬಂತು, 2022–23ರಲ್ಲಿ ಇನ್ನೂ ಮೇಲಕ್ಕೆ ಹೋಯಿತು. ಶೂಟರ್‌ಗಳು ಹೊಸ ದಾರಿ ಹುಡುಕಿಕೊಂಡರೋ, ರೆಫರಿಗಳು ಹಳೆಯ ಅಭ್ಯಾಸಕ್ಕೆ ಜಾರಿದರೋ, ಎರಡೂ ಇರಬಹುದು. ಬಿದ್ದು ನಟಿಸುವವರಿಗೆ 2023–24ರಿಂದ ಪಂದ್ಯದ ನಡುವೆಯೇ ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ. ಫಿಬಾದಲ್ಲೂ ನಟನೆಗೆ ಟೆಕ್ನಿಕಲ್ ಫೌಲ್ ಉಂಟು.

ರೆಫರಿಗಳ ಪ್ರಾಮಾಣಿಕತೆಯ ಪ್ರಶ್ನೆಯನ್ನು ಇಲ್ಲಿ ಹೆಚ್ಚು ಎಳೆಯುವುದಿಲ್ಲ. ಎನ್‌ಬಿಎ ರೆಫರಿ ಟಿಮ್ ಡೊನಾಘಿ ಬೆಟ್ಟಿಂಗ್ ಹಗರಣದಲ್ಲಿ 2007ರಲ್ಲಿ ರಾಜೀನಾಮೆ ಕೊಟ್ಟು, ಮರುವರ್ಷ 15 ತಿಂಗಳ ಜೈಲು ಶಿಕ್ಷೆಗೆ ಗುರಿಯಾದರು. 2002ರ ಲೇಕರ್ಸ್–ಕಿಂಗ್ಸ್ ಸರಣಿಯ ಆರನೇ ಪಂದ್ಯದ ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕಿದ್ದರ ಬಗ್ಗೆ ಅವರು ಮಾಡಿದ ಆರೋಪವನ್ನು ಲೀಗ್ ಅಲ್ಲಗಳೆಯಿತು. ಮೋಸಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಅರಿವಿಲ್ಲದ ಒಲವಿನ ಬಗ್ಗೆ. ಅರ್ಥಶಾಸ್ತ್ರಜ್ಞರಾದ ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ 1991ರಿಂದ 2004ರವರೆಗಿನ ಪಂದ್ಯಗಳನ್ನು ಜಾಲಾಡಿ, ರೆಫರಿಗಳ ಜನಾಂಗ ತಮ್ಮದಲ್ಲದಾಗ ಆಟಗಾರರ ಮೇಲೆ ಫೌಲ್ ತುಸು ಹೆಚ್ಚಾಗುತ್ತದೆ ಎಂದು ತೋರಿಸಿದರು. 2007ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸುದ್ದಿಯಾದ ಮೇಲಿನ ವರ್ಷಗಳ ಅಂಕಿಅಂಶದಲ್ಲಿ ಆ ಒಲವು ಮಾಯವಾಗಿತ್ತು ಎಂದು ಇದೇ ಸಂಶೋಧಕರ ನಂತರದ ಅಧ್ಯಯನ ಹೇಳಿತು.

ಇನ್ನು ಕೊನೆಯ ಸೆಕೆಂಡುಗಳು. 1994ರ ಮೇ 18, ಮತ್ತೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಷಿಕಾಗೊ ಬುಲ್ಸ್ 86–85ರಲ್ಲಿ ಮುಂದೆ. ನಿಕ್ಸ್‌ನ ಹ್ಯೂಬರ್ಟ್ ಡೇವಿಸ್ ಎಸೆದ ಚೆಂಡು ಒಳಗೆ ಹೋಗಲಿಲ್ಲ. ಆದರೆ ಚೆಂಡು ಕೈಬಿಟ್ಟ ಮೇಲೆ ಸ್ಕಾಟಿ ಪಿಪ್ಪೆನ್ ಕೈ ಅವರ ಕೈಗೆ ತಾಗಿತ್ತು. ರೆಫರಿ ಹ್ಯೂ ಹಾಲಿನ್ಸ್ ಊದಿದರು. 2.1 ಸೆಕೆಂಡ್ ಬಾಕಿ, ಎರಡೂ ಫ್ರೀ ಥ್ರೋ ಒಳಗೆ, 87–86. ನಿಕ್ಸ್ ಆ ಸರಣಿಯನ್ನು ಏಳನೇ ಪಂದ್ಯದಲ್ಲಿ ಗೆದ್ದಿತು. ಕೆಲವು ತಿಂಗಳ ಬಳಿಕ ರೆಫರಿಗಳ ಮೇಲ್ವಿಚಾರಕ ಡ್ಯಾರೆಲ್ ಗ್ಯಾರೆಟ್ಸನ್ ಅವರೇ ಅದು ಕೆಟ್ಟ ತೀರ್ಮಾನ ಎಂದರು. ವಿಚಿತ್ರವೆಂದರೆ, ಪುಸ್ತಕದ ಪ್ರಕಾರ ಹಾಲಿನ್ಸ್ ಪೂರ್ತಿ ತಪ್ಪಲ್ಲ. ಚೆಂಡು ಹೋದ ಮೇಲೂ ಶೂಟರ್ ನೆಲಕ್ಕೆ ಇಳಿಯುವವರೆಗೆ ಶೂಟರ್‌ನೇ. ತಾಗಿದ್ದು ನಿಜ. ಆ ತಾಗುವಿಕೆಯಿಂದ ಶಾಟ್‌ಗೆ ಏನಾದರೂ ಆಯಿತೇ ಎಂಬುದು ಪ್ರಶ್ನೆ. ಆಗಲಿಲ್ಲ ಎಂಬುದು ಬಹುಮತದ ಉತ್ತರ, ನನ್ನದೂ.

ಇದಕ್ಕೆ ತದ್ವಿರುದ್ಧದ್ದು 2023ರ ಜನವರಿ 28ರಂದು ಬಾಸ್ಟನ್‌ನಲ್ಲಿ ನಡೆಯಿತು. ಲೇಕರ್ಸ್ ಮತ್ತು ಸೆಲ್ಟಿಕ್ಸ್ 105–105. ಲೆಬ್ರಾನ್ ಜೇಮ್ಸ್ ಲೇಅಪ್‌ಗೆ ಎದ್ದಾಗ ಜೇಸನ್ ಟೇಟಮ್ ಅವರ ತೋಳಿಗೆ ನೇರವಾಗಿ ಹೊಡೆದರು. ಮೂವರಲ್ಲಿ ಒಬ್ಬರೂ ಊದಲಿಲ್ಲ. ಲೆಬ್ರಾನ್ ತಲೆ ಹಿಡಿದು ನೆಲಕ್ಕೆ ಕುಸಿದರು. ಪ್ಯಾಟ್ರಿಕ್ ಬೆವರ್ಲಿ ಫೋಟೊಗ್ರಾಫರ್ ಒಬ್ಬರ ಕ್ಯಾಮೆರಾ ತಂದು ರೆಫರಿಗೆ ಚಿತ್ರ ತೋರಿಸಲು ಹೋಗಿ ಟೆಕ್ನಿಕಲ್ ಫೌಲ್ ತಿಂದರು. ಸೆಲ್ಟಿಕ್ಸ್ ಹೆಚ್ಚುವರಿ ಅವಧಿಯಲ್ಲಿ 125–121ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ರೆಫರಿಗಳು ತಪ್ಪೊಪ್ಪಿಕೊಂಡರು, ಅವರ ಸಂಘ ಬಹಿರಂಗವಾಗಿ ನೋವು ತೋಡಿಕೊಂಡಿತು.

2019–20ರಿಂದ ಎನ್‌ಬಿಎ ಕೋಚ್‌ಗಳಿಗೆ ರೆಫರಿಯ ತೀರ್ಮಾನವನ್ನು ಪ್ರಶ್ನಿಸುವ ಅವಕಾಶವಿದೆಯಲ್ಲ, ಅಂದು ಲೇಕರ್ಸ್ ಏಕೆ ಬಳಸಲಿಲ್ಲ? ಬಳಸುವಂತಿರಲಿಲ್ಲ. ಊದಿದ ಸೀಟಿಯನ್ನು ಪ್ರಶ್ನಿಸಬಹುದು, ಊದದ ಸೀಟಿಯನ್ನು ಪ್ರಶ್ನಿಸುವಂತಿಲ್ಲ. ಕೊನೆಯ ಗಳಿಗೆಯಲ್ಲಿ ರೆಫರಿ ಪಂದ್ಯ ತೀರ್ಮಾನಿಸಬಾರದು, ಆಟಗಾರರೇ ತೀರ್ಮಾನಿಸಲಿ ಎಂಬ ಮಾತನ್ನು ಜನ ಬಹಳ ಘನವಾದದ್ದು ಎಂಬಂತೆ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸುಮ್ಮನಿರುವುದೂ ತೀರ್ಮಾನವೇ. ಮೊದಲ ನಿಮಿಷದಲ್ಲಿ ಫೌಲ್ ಆದದ್ದು ಕೊನೆಯ ನಿಮಿಷದಲ್ಲೂ ಫೌಲ್. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೂರು ಸೆಕೆಂಡ್ ಉಳಿದಿದ್ದಾಗ ಲೇಅಪ್‌ಗೆ ಓಡಿದ ಅಮೆರಿಕದ ಡಗ್ ಕಾಲಿನ್ಸ್ ಅವರನ್ನು ಸೋವಿಯತ್ ಆಟಗಾರ ಸಕಾಂಡೆಲಿಡ್ಜೆ ಕೆಡವಿದಾಗ ಸೀಟಿ ಹಿಂಜರಿಯದೇ ಬಂತು. ಆಮೇಲಿನ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಿದ್ದರ ಜಗಳ ಅರ್ಧ ಶತಮಾನ ದಾಟಿದೆ, ಸೋತ ತಂಡ ಬೆಳ್ಳಿ ಪದಕ ಮುಟ್ಟಿಲ್ಲ. ಆ ಫೌಲ್ ಬಗ್ಗೆ ಮಾತ್ರ ತಕರಾರಿಲ್ಲ.

2015ರ ಮಾರ್ಚ್‌ನಿಂದ ಎನ್‌ಬಿಎ ಬಿಗಿ ಪಂದ್ಯಗಳ ಕೊನೆಯ ಎರಡು ನಿಮಿಷದ ಪ್ರತಿ ತೀರ್ಮಾನವನ್ನೂ ಸರಿ, ತಪ್ಪು ಎಂದು ಗುರುತಿಸಿ ಮರುದಿನ ಪ್ರಕಟಿಸುತ್ತದೆ. ಒಳ್ಳೆಯದೇ, ಫಲಿತಾಂಶ ಮಾತ್ರ ಬದಲಾಗದು. ವಿಡಿಯೊ ಎಲ್ಲವನ್ನೂ ಬಗೆಹರಿಸುತ್ತದೆ ಎಂದು ನಂಬುವವರು ಕ್ರಿಕೆಟ್‌ನ ಎಲ್‌ಬಿಡಬ್ಲ್ಯು ನೆನಪಿಸಿಕೊಳ್ಳಬೇಕು. ಅಷ್ಟು ಯಂತ್ರಗಳಿದ್ದೂ ಅಲ್ಲಿ ಅಂಪೈರ್ಸ್ ಕಾಲ್ ಉಳಿದುಕೊಂಡಿದೆ. ಇಲ್ಲಿಯೂ ಕ್ಯಾಮೆರಾ ತಾಗಿದ್ದನ್ನು ತೋರಿಸುತ್ತದೆ, ಎಷ್ಟು ತಾಗಿದರೆ ಹೆಚ್ಚು ಎಂಬುದನ್ನು ಹೇಳುವುದಿಲ್ಲ. ನಿಧಾನಗತಿಯಲ್ಲಿ ನೋಡಿದರಂತೂ ಗರಿ ತಾಗಿದ್ದೂ ಗುದ್ದಿನಂತೆ ಕಾಣುತ್ತದೆ.

ನಮ್ಮಲ್ಲಿ ಆಡುವವರ ಪಾಡು ಬೇರೆ. ಮೊಬೈಲಿನಲ್ಲಿ ನೋಡುವುದು ಎನ್‌ಬಿಎ, ಅಂಕಣದಲ್ಲಿ ಆಡುವುದು ಫಿಬಾ ನಿಯಮ. ಹಾರ್ಡನ್ ಶೈಲಿಯಲ್ಲಿ ತೋಳು ಸಿಕ್ಕಿಸಿ ರೆಫರಿ ಕಡೆ ತಿರುಗುವ ಹುಡುಗರು ಬೆಂಗಳೂರಿನ ಯಾವ ಕಾಲೇಜು ಟೂರ್ನಿಯಲ್ಲೂ ಸಿಗುತ್ತಾರೆ. ಅಲ್ಲಿ ವಿಡಿಯೊ ಇಲ್ಲ, ಮರುದಿನದ ವರದಿಯೂ ಇಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ 'ಬಿ' ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿದ್ದು 75–73ರಲ್ಲಿ. ಅಂತರ ಎರಡೇ ಅಂಕ, ಒಂದು ಶೂಟಿಂಗ್ ಫೌಲಿನ ಬೆಲೆ.

ಎಷ್ಟು ತಾಗಿದರೆ ಫೌಲ್ ಎಂಬ ಗೆರೆಯನ್ನು ಕೊನೆಗೂ ಮನುಷ್ಯರೇ ಎಳೆಯುತ್ತಾರೆ, ಅಳಿಸಿ ಮತ್ತೆ ಎಳೆಯುತ್ತಾರೆ. ಅದರಲ್ಲಿ ತಪ್ಪಿಲ್ಲ. ಎಳೆಯುವ ರೀತಿಯಲ್ಲಿ ವ್ಯತ್ಯಾಸವಿದೆ. 2021ರಲ್ಲಿ ಲೀಗ್ ಋತುವಿಗೆ ಮುಂಚೆಯೇ ಯಾವುದು ಸಲ್ಲದು ಎಂದು ವಿಡಿಯೊ ತುಣುಕುಗಳ ಸಮೇತ ತೋರಿಸಿತ್ತು. ಆಟಗಾರರು ಗೊಣಗಿದರು, ಆದರೆ ಯಾಕೆ ಊದಲಿಲ್ಲ ಎಂದು ಅವರಿಗೆ ಗೊತ್ತಿತ್ತು. 2023–24ರಲ್ಲಿ ಹಾಗಾಗಲಿಲ್ಲ. ಅಂಕಗಳು ಉಕ್ಕಿ ಹರಿಯುತ್ತಿದ್ದ ಋತುವಿನ ನಡುವೆ, ಮೊದಲೇ ಯಾವ ಪ್ರಕಟಣೆಯೂ ಇಲ್ಲದೆ, ಸೀಟಿ ಕಡಿಮೆಯಾಯಿತು, ಫ್ರೀ ಥ್ರೋಗಳು ಇಳಿದವು. ಡಿಫೆಂಡರ್‌ಗಳಿಗೆ ಖುಷಿಯಾಯಿತು, ನೋಡುವವರಲ್ಲೂ ಅನೇಕರಿಗೆ ಆಟ ಹಿತವಾಯಿತು. ಆದರೆ ಒಳನುಗ್ಗಿ ಎಸೆಯುವ ಗಾರ್ಡ್ ಒಬ್ಬನಿಗೆ ಜನವರಿಯಲ್ಲಿ ಎರಡು ಫ್ರೀ ಥ್ರೋ ತಂದುಕೊಡುತ್ತಿದ್ದ ತೋಳಿನೇಟು ಮಾರ್ಚ್‌ನಲ್ಲಿ ಏನನ್ನೂ ತರಲಿಲ್ಲ. ಅದೇಕೆ ಎಂದು ಅವನಿಗೆ ಮುಂಚಿತವಾಗಿ ಯಾರೂ ಹೇಳಿರಲಿಲ್ಲ.